ಝೀರೋ ಬ್ಯಾಲೆನ್ಸ್ ಖಾತೆ ಇಲ್ಲ ಅಂದರೆ ಅಲ್ಲೇ ಬೇರೆ ಫಾರ್ಮಿಗೆ ಸಹಿ ಹಾಕಬೇಡಿ

ನಮ್ಮ ಅವ್ವನಿಗೆ 66 ವರ್ಷ. ಬ್ಯಾಡಗಿಯ ಕಡೆಯವರು. ಅಪ್ಪ ತೀರಿಕೊಂಡ ಮೇಲೆ ಬೆಂಗಳೂರಿಗೆ, ನಮ್ಮ ಬಾಡಿಗೆ ಮನೆಗೆ ಕರೆದುಕೊಂಡು ಬಂದೆವು. ಊರಿನಲ್ಲಿ ಇದ್ದಾಗ ಅವ್ವನ ಪಿಂಚಣಿ ಮನಿ ಆರ್ಡರಿನಲ್ಲಿ ಬರುತ್ತಿತ್ತು. ಪೋಸ್ಟ್‌ಮ್ಯಾನ್ ಕಟ್ಟೆ ಮೇಲೆ ಕೂತು ಎಣಿಸಿ ಕೊಟ್ಟು, ಹೆಬ್ಬೆಟ್ಟು ಒತ್ತಿಸಿಕೊಂಡು ಹೋಗುತ್ತಿದ್ದರು. ಆಮೇಲೆ ಆಧಾರ್ ಜೋಡಿಸಿದ ಬ್ಯಾಂಕ್ ಖಾತೆ ಬೇಕೇ ಬೇಕು ಅಂತಾಯಿತು. ಅವ್ವನ ಹೆಸರಲ್ಲಿ ಖಾತೆಯೇ ಇರಲಿಲ್ಲ. ಸಂಧ್ಯಾ ಸುರಕ್ಷಾ ಅನ್ನುವ ವೃದ್ಧರ ಪಿಂಚಣಿಯ ತಿಂಗಳಿಗೆ 1,200 ರೂಪಾಯಿಗೋಸ್ಕರ ಒಂದು ಖಾತೆ ಮಾಡಿಸಲು ಹೋಗಿ ನಾವು ಪಟ್ಟ ಪಾಡು ಬೇರೆಯವರಿಗೆ ಬರದಿರಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಮೊದಲು ಹೋಗಿದ್ದು ಮನೆ ಹತ್ತಿರದ ಸರ್ಕಾರಿ ಬ್ಯಾಂಕಿಗೆ. ಕೌಂಟರಿನಲ್ಲಿದ್ದವರು ಆಧಾರ್ ಕಾರ್ಡ್ ತಿರುಗಿಸಿ ನೋಡಿ, "ಹಾವೇರಿ ಜಿಲ್ಲೆ ಅಡ್ರೆಸ್ ಇದೆಯಲ್ಲ ಮೇಡಂ, ಅಲ್ಲೇ ಹೋಗಿ ಮಾಡಿಸಿ" ಅಂದರು. ಅವ್ವನ ವೋಟರ್ ಕಾರ್ಡನ್ನು ನಾವು ಆಗಲೇ ಬೆಂಗಳೂರಿನ ವಿಳಾಸಕ್ಕೆ ಬದಲಾಯಿಸಿದ್ದೆವು. ಅದನ್ನು ತೋರಿಸಿದೆ. ಕೈಗೂ ತೆಗೆದುಕೊಳ್ಳಲಿಲ್ಲ. "ಆಧಾರ್ ಮಾತ್ರ" ಅಂದರು.

ಎರಡನೇ ಸಲ, ಇನ್ನೊಂದು ಶಾಖೆ. ಅಲ್ಲಿ ಬೆರಳಿನ ಮೆಷಿನ್ ಇಟ್ಟರು. ಅವ್ವ ಮದುವೆಯಾದಾಗಿಂದ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸ ಮಾಡಿದವರು. ಬೆರಳ ತುದಿ ನುಣ್ಣಗಾಗಿದೆ, ಗೆರೆಗಳೇ ಇಲ್ಲ. ಸೆರಗಿನಿಂದ ಒರೆಸಿಕೊಂಡು ಒತ್ತಿದರು. ಕೆಂಪು ದೀಪ. ತಲೆಗೆ ಉಜ್ಜಿ ಎಣ್ಣೆ ಮಾಡಿಕೊಂಡು ಒತ್ತಿದರು. ಮತ್ತೆ ಕೆಂಪು ದೀಪ. ಹತ್ತು ಬೆರಳೂ ಮುಗಿದವು. ಹಿಂದೆ ಸಾಲಿನಲ್ಲಿದ್ದವರು ಗೊಣಗಲು ಶುರು ಮಾಡಿದರು. "ಬೆರಳು ಬರ್ತಿಲ್ಲ, ಆಗಲ್ಲಮ್ಮ. ಜನಧನ್ ಸ್ಕೀಮೂ ನಿಂತು ಹೋಗಿದೆ" ಅಂತ ಕಳಿಸಿಬಿಟ್ಟರು. ಹೊರಗೆ ಬಂದು ಮೆಟ್ಟಿಲ ಮೇಲೆ ನಿಂತ ಅವ್ವ ತಮ್ಮ ಕೈಯನ್ನೇ ನೋಡಿಕೊಳ್ಳುತ್ತಿದ್ದರು. "ಬ್ಯಾಡ ಬಿಡವಾ, ಇವರ ಮುಂದ ಎಷ್ಟ್ ಸಲ ಕೈ ಚಾಚೂದು" ಅಂದರು. ಆ ಮಾತು ಇವತ್ತಿಗೂ ನನಗೆ ಮರೆಯಲು ಆಗಿಲ್ಲ.

ಆದರೆ ನಮಗೆ ನಿಜವಾಗಿ ನಷ್ಟ ಆಗಿದ್ದು ಇವರಿಂದಲ್ಲ. "ಬನ್ನಿ ಅಮ್ಮ, ಕೂತ್ಕೊಳಿ, ನಾನು ಮಾಡಿಕೊಡ್ತೀನಿ" ಅಂದ ಮೂರನೆಯವರಿಂದ.

ಅದೊಂದು ಖಾಸಗಿ ಬ್ಯಾಂಕ್. ಏಸಿ ಇತ್ತು, ಅವ್ವನಿಗೆ ಕುರ್ಚಿ ಕೊಟ್ಟರು, ನೀರು ಕೊಟ್ಟರು. ಝೀರೋ ಬ್ಯಾಲೆನ್ಸ್ ಖಾತೆ ಕೇಳಿದಾಗ ಆ ಹುಡುಗ, "ಅದು ನಮ್ಮಲ್ಲಿ ಇಲ್ಲ ಮೇಡಂ, ಮಾಮೂಲಿ ಸೇವಿಂಗ್ಸ್ ಮಾಡಿಸಿ. ಈಗ 5,000 ಕಟ್ಟಿ, ಒಂದು ವಾರ ಬಿಟ್ಟು ತೆಕ್ಕೊಂಡುಬಿಡಿ. ಏನೂ ಆಗಲ್ಲ" ಅಂದ. ಎರಡು ಕಡೆ ಬೈಸಿಕೊಂಡು ಬಂದಿದ್ದೆವು. ಒಳ್ಳೆ ಮಾತಾಡಿದರಲ್ಲ ಅನ್ನುವ ಖುಷಿಯಲ್ಲಿ ಇಂಗ್ಲಿಷ್ ಫಾರ್ಮನ್ನು ಓದದೆ ಸಹಿ ಜಾಗಕ್ಕೆಲ್ಲ ಅವ್ವನ ಹೆಬ್ಬೆಟ್ಟು ಹಾಕಿಸಿದೆ. ಎಂಟು ದಿನ ಬಿಟ್ಟು 5,000 ವಾಪಸ್ ತೆಗೆದೆ.

ಪಿಂಚಣಿ ಬರಲು ಶುರುವಾಯಿತು. ಅವ್ವ ಒಂದು ರೂಪಾಯಿಯನ್ನೂ ಮುಟ್ಟಲಿಲ್ಲ. ನಾಲ್ಕು ತಿಂಗಳು ಕೂಡಿಟ್ಟು ಕನ್ನಡಕ ಮಾಡಿಸಿಕೊಳ್ಳಬೇಕು, ಮಿಕ್ಕಿದ್ದರಲ್ಲಿ ಊರ ಜಾತ್ರೆಗೆ ಹೋಗಿಬರಬೇಕು ಅಂತಿದ್ದರು. 4,800 ಇರಬೇಕಿತ್ತು. ಪಾಸ್‌ಬುಕ್ ಎಂಟ್ರಿ ಹಾಕಿಸಿದಾಗ 3,620 ಅಂತ ಬಂತು. ಮೇಲೆ ನೋಡಿದರೆ ಮಸಿ ಮಾಸಿದ ಅಕ್ಷರದಲ್ಲಿ ಪ್ರತಿ ತಿಂಗಳೂ ಒಂದೊಂದು ಸಾಲು: ಎಎಂಬಿ ಚಾರ್ಜ್, 295. ಅಂದರೆ ಸರಾಸರಿ ಬ್ಯಾಲೆನ್ಸ್ ಇಟ್ಟಿಲ್ಲ ಅಂತ 250 ರೂಪಾಯಿ ದಂಡ, ಅದರ ಮೇಲೆ 45 ರೂಪಾಯಿ ಜಿಎಸ್‌ಟಿ. ನಾಲ್ಕು ತಿಂಗಳಿಗೆ 1,180. ಹತ್ತಿರ ಹತ್ತಿರ ಒಂದು ತಿಂಗಳ ಪಿಂಚಣಿ ಪೂರ್ತಿ ಹೋಗಿತ್ತು.

ದಂಡ ಹಾಕುವ ಮುಂಚೆ ಗ್ರಾಹಕರಿಗೆ ತಿಳಿಸಿ ಒಂದು ತಿಂಗಳು ಟೈಮ್ ಕೊಡಬೇಕು ಅಂತ ರಿಸರ್ವ್ ಬ್ಯಾಂಕ್ ನಿಯಮ ಇದೆ. ಅವರು ತಿಳಿಸಿದ್ದರು. ಅವ್ವನ ಕೀಪ್ಯಾಡ್ ಫೋನಿಗೆ, ಇಂಗ್ಲಿಷ್ ಮೆಸೇಜಿನಲ್ಲಿ. ಅವ್ವನಿಗೆ ಕನ್ನಡವೇ ಓದಲು ಬರುವುದಿಲ್ಲ. ನಾನು ಆ ಫೋನ್ ತೆಗೆದು ನೋಡಿರಲಿಲ್ಲ. ನಿಮ್ಮ ಮನೆಯ ಹಿರಿಯರ ಖಾತೆಗೆ ಅವರ ನಂಬರ್ ಕೊಟ್ಟಿದ್ದರೆ, ದಯವಿಟ್ಟು ವಾರಕ್ಕೊಂದು ಸಲ ಆ ಫೋನಿನ ಮೆಸೇಜ್ ನೋಡಿ.

ಆಮೇಲೆ ಕೂತು ಒಂದೊಂದೇ ತಿಳಿದುಕೊಂಡೆ. ನಮಗೆ ಹೇಳಿದ್ದರಲ್ಲಿ ಬಹುಪಾಲು ತಪ್ಪು.

ಝೀರೋ ಬ್ಯಾಲೆನ್ಸ್ ಅಂತ ನಾವು ಕರೆಯುವ ಖಾತೆಗೆ ಬ್ಯಾಂಕಿನವರ ಹೆಸರು ಬಿಎಸ್‌ಬಿಡಿ, ಅಂದರೆ ಬೇಸಿಕ್ ಸೇವಿಂಗ್ಸ್ ಬ್ಯಾಂಕ್ ಡೆಪಾಸಿಟ್ ಖಾತೆ. ಈ ಹೆಸರು ಬಾಯಿಪಾಠ ಮಾಡಿಕೊಳ್ಳಿ, ಕೌಂಟರಿನಲ್ಲಿ ಇದೇ ಹೆಸರು ಹೇಳಿ ಕೇಳಿ. 2012ರ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕ್ ಇದನ್ನು ಎಲ್ಲ ಬ್ಯಾಂಕುಗಳೂ ಎಲ್ಲರಿಗೂ ಕೊಡಬೇಕಾದ ಮಾಮೂಲಿ ಸೇವೆ ಅಂತ ಹೇಳಿತು. ಸರ್ಕಾರಿ ಬ್ಯಾಂಕಿಗೂ ಅನ್ವಯ, ಖಾಸಗಿ ಬ್ಯಾಂಕಿಗೂ ಅನ್ವಯ. ಹಾಗಾಗಿ "ನಮ್ಮಲ್ಲಿ ಇಲ್ಲ" ಅನ್ನುವ ಮಾತೇ ಸುಳ್ಳು. ಬಡವರಿಗೆ ಮಾತ್ರ ಅಂತಲೂ ಇಲ್ಲ. ಇದರಲ್ಲಿ ಕನಿಷ್ಠ ಬ್ಯಾಲೆನ್ಸ್ ಇಡಬೇಕಾಗಿಲ್ಲ. ಎಟಿಎಂ ಕಾರ್ಡ್ ಕೊಡಬೇಕು. ಎಷ್ಟು ಸಲ ಬೇಕಾದರೂ ಹಣ ಕಟ್ಟಬಹುದು, ತಿಂಗಳಿಗೆ ಕನಿಷ್ಠ 4 ಸಲ ಪುಕ್ಕಟೆಯಾಗಿ ತೆಗೆಯಲು ಬಿಡಬೇಕು. ಒಂದು ಷರತ್ತು ಮಾತ್ರ ಗಮನಿಸಿ: ಅದೇ ಬ್ಯಾಂಕಿನಲ್ಲಿ ನಿಮಗೆ ಬೇರೆ ಸೇವಿಂಗ್ಸ್ ಖಾತೆ ಇದ್ದರೆ ಅದನ್ನು 30 ದಿನದೊಳಗೆ ಮುಚ್ಚಬೇಕು. ಇರುವ ಖಾತೆಯನ್ನೇ ಬಿಎಸ್‌ಬಿಡಿ ಮಾಡಿಕೊಡಿ ಅಂತ ಬರೆದು ಕೊಟ್ಟೂ ಕೇಳಬಹುದು. ನನಗೆ ಆಗ ಗೊತ್ತಿರಲಿಲ್ಲ.

ಜನಧನ್ ನಿಂತಿಲ್ಲ. 2014ರ ಆಗಸ್ಟ್ 28ರಂದು ಶುರುವಾದ ಯೋಜನೆಯನ್ನು 2018ರಲ್ಲಿ ಮುಂದುವರಿಸಿದರು. ಮನೆಗೊಂದು ಖಾತೆ ಅನ್ನುತ್ತಿದ್ದದ್ದು ಆಗ ಖಾತೆ ಇಲ್ಲದ ಪ್ರತಿ ವಯಸ್ಕರಿಗೂ ಅಂತಾಯಿತು.

ಬೆರಳಿನ ವಿಷಯ. ಪಿಂಚಣಿಯಂಥ ಸರ್ಕಾರದ ಹಣ ಬೇಕಾದರೆ ಆಧಾರ್ ನಂಬರ್ ಕೊಡಬೇಕು, ಅದು ಸರಿ. ಆದರೆ ವಯಸ್ಸಿನಿಂದಲೋ, ಗಾಯ ಕಾಯಿಲೆಯಿಂದಲೋ ಬೆರಳು ಮೆಷಿನ್‌ಗೆ ಸಿಗದಿದ್ದರೆ ವೋಟರ್ ಕಾರ್ಡಿನಂಥ ಬೇರೆ ದಾಖಲೆ ತೆಗೆದುಕೊಳ್ಳಲು ರಿಸರ್ವ್ ಬ್ಯಾಂಕಿನ ಕೆವೈಸಿ, ಅಂದರೆ ಗ್ರಾಹಕರ ಗುರುತು ಪರಿಶೀಲಿಸುವ ನಿಯಮದಲ್ಲೇ ದಾರಿ ಇದೆ. ಸರ್ಕಾರದ ಹಣ ಪಡೆಯದವರಿಗಂತೂ ಬ್ಯಾಂಕ್ ಖಾತೆಗೆ ಆಧಾರ್ ಕಡ್ಡಾಯವೇ ಅಲ್ಲ. 2018ರ ಸೆಪ್ಟೆಂಬರ್ 26ರಂದು ಸುಪ್ರೀಂ ಕೋರ್ಟ್ ಹಾಗೆ ತೀರ್ಪು ಕೊಟ್ಟಿದೆ. ಆ ಕೇಸು ಹಾಕಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ. ಪಾಸ್‌ಪೋರ್ಟ್, ಡ್ರೈವಿಂಗ್ ಲೈಸೆನ್ಸ್, ವೋಟರ್ ಕಾರ್ಡ್, ಅಧಿಕಾರಿ ಸಹಿ ಇರುವ ನರೇಗಾ ಜಾಬ್ ಕಾರ್ಡ್, ಇವೆಲ್ಲ ನಡೆಯುತ್ತವೆ. ಪ್ಯಾನ್ ಇಲ್ಲದವರು ಫಾರ್ಮ್ 60 ತುಂಬಿದರೆ ಸಾಕು. ರೇಷನ್ ಕಾರ್ಡ್ ಈ ಪಟ್ಟಿಯಲ್ಲಿ ಇಲ್ಲ, ಅದೊಂದನ್ನೇ ನಂಬಿಕೊಂಡು ಹೋಗಬೇಡಿ.

ಯಾವ ದಾಖಲೆಯೂ ಇಲ್ಲದವರಿಗೂ "ಸ್ಮಾಲ್ ಅಕೌಂಟ್" ಅಂತ ಇದೆ. ಒಂದು ಫೋಟೋ, ಬ್ಯಾಂಕಿನವರ ಎದುರಿಗೆ ಸಹಿ ಅಥವಾ ಹೆಬ್ಬೆಟ್ಟು. ಖಾತೆಯಲ್ಲಿ ಯಾವ ಹೊತ್ತಿನಲ್ಲೂ 50,000ಕ್ಕಿಂತ ಜಾಸ್ತಿ ಇರುವ ಹಾಗಿಲ್ಲ, ತಿಂಗಳಿಗೆ 10,000ಕ್ಕಿಂತ ಜಾಸ್ತಿ ತೆಗೆಯುವ ಹಾಗಿಲ್ಲ, ವರ್ಷಕ್ಕೆ ಒಂದು ಲಕ್ಷಕ್ಕಿಂತ ಜಾಸ್ತಿ ಜಮಾ ಆಗುವ ಹಾಗಿಲ್ಲ. ಹನ್ನೆರಡು ತಿಂಗಳೊಳಗೆ ದಾಖಲೆಗೆ ಅರ್ಜಿ ಹಾಕಿದ್ದು ತೋರಿಸಿದರೆ ಇನ್ನೊಂದು ವರ್ಷ ನಡೆಯುತ್ತದೆ. ಕೂಲಿಗೆ ಅಂತ ಊರು ಬಿಟ್ಟು ಬಂದವರಿಗೆ ಇದನ್ನು ಯಾರೂ ಹೇಳುವುದಿಲ್ಲ.

ಇದನ್ನೆಲ್ಲ ಓದುವಾಗ ನನಗೆ ಒಂದು ವಿಷಯ ತುಂಬಾ ಬೇಜಾರು ಮಾಡಿತು. 1928ರಲ್ಲಿ ಉಡುಪಿಯಲ್ಲಿ ಪಿಗ್ಮಿ ಶುರುವಾದಾಗ ದಿನಕ್ಕೆ ಎರಡಾಣೆ ಕೊಡುವವರ ಮನೆ ಬಾಗಿಲಿಗೂ ಬ್ಯಾಂಕಿನ ಏಜೆಂಟ್ ಬರುತ್ತಿದ್ದರು. ಎರಡಾಣೆಯನ್ನೂ ಸಣ್ಣದು ಅನ್ನದ ನಾಡು ನಮ್ಮದು. ಅಂಥ ಕಡೆ 1,200 ರೂಪಾಯಿಯ ಮುದುಕಿಯನ್ನು ಬಾಗಿಲಿಂದ ಬಾಗಿಲಿಗೆ ಅಲೆಸುವುದು ಸರಿಯಾ?

ನಾಲ್ಕನೇ ಸಲ ಹೋಗುವಾಗ ಬರೀ ಕೈಯಲ್ಲಿ ಹೋಗಲಿಲ್ಲ. ಒಂದು ಹಾಳೆಯಲ್ಲಿ ಕನ್ನಡದಲ್ಲಿ ಹೀಗೆ ಬರೆದುಕೊಂಡು, ಜೆರಾಕ್ಸ್ ಮಾಡಿಸಿಕೊಂಡು ಹೋದೆ:

"ಶಾಖಾ ವ್ಯವಸ್ಥಾಪಕರಿಗೆ. ನನಗೆ ಬಿಎಸ್‌ಬಿಡಿ ಖಾತೆ ತೆರೆದು ಕೊಡಬೇಕೆಂದು ಕೋರುತ್ತೇನೆ. ಬೇರೆ ಯಾವ ಬ್ಯಾಂಕಿನಲ್ಲೂ ನನಗೆ ಇಂಥ ಖಾತೆ ಇಲ್ಲ. ವೋಟರ್ ಕಾರ್ಡ್, ಆಧಾರ್ ಪ್ರತಿ, ಫಾರ್ಮ್ 60, ಎರಡು ಫೋಟೋ ಲಗತ್ತಿಸಿದ್ದೇನೆ. ಖಾತೆ ಕೊಡಲು ಆಗದಿದ್ದರೆ ಕಾರಣವನ್ನು ಇದೇ ಪತ್ರದ ಮೇಲೆ ಬರೆದು, ಸಹಿ ಮತ್ತು ಸೀಲು ಹಾಕಿ ಕೊಡಿ."

ಇದು ಮೊದಲು ನಮ್ಮನ್ನು ಹಾವೇರಿಗೆ ಹೋಗಿ ಅಂದ ಅದೇ ಶಾಖೆ. ಕೌಂಟರಿನವರು ಓದಿ, ಕೊನೆಯ ಸಾಲನ್ನು ಇನ್ನೊಮ್ಮೆ ಓದಿ, ಎದ್ದು ಒಳಗೆ ಹೋದರು. ಮ್ಯಾನೇಜರ್ ತಾವೇ ಹೊರಗೆ ಬಂದರು. ಅವ್ವನನ್ನು ಕೂರಿಸಿ, ವೋಟರ್ ಕಾರ್ಡ್ ಅಸಲಿ ನೋಡಿ, ಕನ್ನಡದ ಫಾರ್ಮನ್ನೇ ಕೊಡಿಸಿದರು. ಅರ್ಜಿ ಫಾರ್ಮ್‌ಗಳು ಕನ್ನಡದಲ್ಲೂ ಇರಬೇಕು, ನೀವು ಕೇಳಿ ಪಡೆಯಿರಿ. ನಲವತ್ತು ನಿಮಿಷದಲ್ಲಿ ಕೆಲಸ ಮುಗಿಯಿತು. ಆ ಮ್ಯಾನೇಜರ್ ಒಳ್ಳೆಯವರು, ಅದನ್ನು ಹೇಳಲೇಬೇಕು. ಮೊದಲ ದಿನವೇ ಅವರ ಹತ್ತಿರ ಹೋಗದೆ ಕೌಂಟರಿನಿಂದಲೇ ವಾಪಸ್ ಬಂದಿದ್ದು ನಮ್ಮ ತಪ್ಪು.

ಖಾತೆ ಬದಲಾಯಿಸುವವರು ಇನ್ನೊಂದು ನೆನಪಿಡಿ. ಸರ್ಕಾರದ ಹಣ ಹೋಗುವುದು ಕೊನೆಯದಾಗಿ ಆಧಾರ್ ಜೋಡಿಸಿದ ಬ್ಯಾಂಕಿಗೆ. ಹೊಸ ಖಾತೆಯಲ್ಲಿ ಆಧಾರ್ ಸೀಡಿಂಗ್ ಫಾರ್ಮನ್ನು ಬೇರೆಯಾಗಿ ಕೊಡದಿದ್ದರೆ ಹಣ ಹಳೆಯ ಖಾತೆಗೇ ಬೀಳುತ್ತಿರುತ್ತದೆ. ನಮಗೆ ಒಂದು ತಿಂಗಳದ್ದು ಹಾಗೇ ಆಯಿತು. ಆಧಾರ್ ವೆಬ್‌ಸೈಟಿನಲ್ಲಿ ಯಾವ ಬ್ಯಾಂಕಿಗೆ ಜೋಡಣೆ ಆಗಿದೆ ಅಂತ ನೋಡಬಹುದು. ಹಣ ಬರುವುದು ಖಚಿತವಾದ ಮೇಲೆಯೇ ಹಳೆಯ ಖಾತೆ ಮುಚ್ಚಿ.

ಇನ್ನು ಆ 1,180 ರೂಪಾಯಿ. ಖಾಸಗಿ ಬ್ಯಾಂಕಿಗೆ ಬರವಣಿಗೆಯಲ್ಲಿ ದೂರು ಕೊಟ್ಟು, ಜೆರಾಕ್ಸ್ ಮೇಲೆ ದಿನಾಂಕ ಸಮೇತ ಸೀಲು ಹಾಕಿಸಿಕೊಂಡಿದ್ದೇನೆ. 30 ದಿನದೊಳಗೆ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್, ಅಂದರೆ ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ಅಧಿಕಾರಿಯ ಹತ್ತಿರ ಹೋಗಬಹುದು. ಅದಕ್ಕೆ ದುಡ್ಡಿಲ್ಲ, ವಕೀಲರೂ ಬೇಡ. ರಿಸರ್ವ್ ಬ್ಯಾಂಕಿನ ಸಿಎಂಎಸ್ ವೆಬ್‌ಸೈಟಿನಲ್ಲಿ ಹಾಕಬಹುದು, ವಿಚಾರಿಸಲು 14448ಕ್ಕೆ ಫೋನ್ ಮಾಡಬಹುದು. ಮೊದಲು ಬ್ಯಾಂಕಿಗೆ ಕೊಟ್ಟ ದೂರಿನ ಪುರಾವೆ ಕೇಳುತ್ತಾರೆ. ಆ ಸೀಲಿನ ಜೆರಾಕ್ಸ್ ಅದಕ್ಕೇ ಬೇಕು.

ದೂರು ಕೊಟ್ಟು ಇವತ್ತಿಗೆ 23 ದಿನ. ಸೀಲು ಹಾಕಿದ ಹಾಳೆಯನ್ನು ಅವ್ವ ಹೊಸ ಪಾಸ್‌ಬುಕ್ ಜೊತೆ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ತಮ್ಮ ಟ್ರಂಕಿನಲ್ಲಿ ಸೀರೆಗಳ ಕೆಳಗೆ ಇಟ್ಟುಕೊಂಡಿದ್ದಾರೆ. "ಇನ್ನ ಏಳ ದಿನ ಐತಲ್ಲವಾ?" ಅಂತ ಬೆಳಿಗ್ಗೆ ಕೇಳಿದರು.