ಹೆರೆಸಿ ಸ್ಪೀಕರ್‌ಗೆ ಹೊಸ ಡಯಾಫ್ರಂ: ಗಂಗೂಬಾಯಿ ಮತ್ತೆ ನಡುವೆ ಬಂದು ಕೂತರು

ತೊಂದರೆ ಮೊದಲು ಗೊತ್ತಾಗಿದ್ದು ಗಂಗೂಬಾಯಿ ಹಾನಗಲ್ ಹಾಡುವಾಗ. ಎರಡು ಸ್ಪೀಕರ್‌ಗಳ ನಟ್ಟ ನಡುವೆ ಕೂತು ಹಾಡಬೇಕಾದವರು ಬಲಗಡೆಗೆ ಸರಿದು ಕೂತ ಹಾಗಿತ್ತು. ಹಾರ್ಮೋನಿಯಂ ಕೂಡ ಅವರ ಹಿಂದೆಯೇ ಹೋಗಿತ್ತು. ತಬಲಾದ ಡಗ್ಗ ಮಾತ್ರ ಎಲ್ಲಿರಬೇಕೋ ಅಲ್ಲೇ ಇತ್ತು. ವಾಲ್ಯೂಮ್ ಸ್ವಲ್ಪ ಏರಿಸಿ ಎಡಗಡೆಯ ಪೆಟ್ಟಿಗೆಗೆ ಕಿವಿ ಕೊಟ್ಟೆ. ಉದ್ದಕ್ಕೆ ಎಳೆಯುವ ಸ್ವರ ಬಂದಾಗೆಲ್ಲ ಒಳಗಿಂದ ಸಣ್ಣಗೆ ಗರ್ ಅನ್ನುವ ಸದ್ದು. ಜೇನುಹುಳ ಡಬ್ಬಿಯಲ್ಲಿ ಸಿಕ್ಕಿಕೊಂಡ ಹಾಗೆ.

ಇವು ಕ್ಲಿಪ್ಶ್ ಕಂಪನಿಯ ಹೆರೆಸಿ ಸ್ಪೀಕರ್‌ಗಳು, 1976ರವು. ನಾವಿರುವುದು ಅಮೆರಿಕದ ಡಲ್ಲಾಸ್ ಹತ್ತಿರ, ಪ್ಲೇನೋದಲ್ಲಿ. ನಾಲ್ಕು ವರ್ಷದ ಹಿಂದೆ ಒಬ್ಬ ಹಿರಿಯರು ಮನೆ ಖಾಲಿ ಮಾಡುವಾಗ ಜೋಡಿಗೆ 600 ಡಾಲರ್ ಕೊಟ್ಟು ತಂದೆ. ಹಿಂದಿನ ಚೀಟಿಯಲ್ಲಿ ಎಚ್‌ಡಬ್ಲ್ಯುಒ ಎಂದಿದೆ. ಹೆರೆಸಿ, ವಾಲ್ನಟ್ ಮರ, ಎಣ್ಣೆ ಪಾಲಿಶ್ ಎಂದು ಅರ್ಥ. ಒಂದೊಂದೂ ಇಪ್ಪತ್ತು ಕಿಲೋಗಿಂತ ಜಾಸ್ತಿ ತೂಗುತ್ತದೆ. ಅಕ್ಕಿ ಮೂಟೆ ಎತ್ತಿದ ಹಾಗೆ ಎತ್ತಬೇಕು.

ಗೊತ್ತಿಲ್ಲದವರಿಗೆ ಒಂದೆರಡು ಮಾತು. ಪಾಲ್ ಕ್ಲಿಪ್ಶ್ 1946ರಲ್ಲಿ ಅರ್ಕಾನ್ಸಾ ರಾಜ್ಯದ ಹೋಪ್ ಎಂಬ ಚಿಕ್ಕ ಊರಿನಲ್ಲಿ ಕಂಪನಿ ಶುರು ಮಾಡಿದರು. ಕೋಣೆಯ ಮೂಲೆಗೆ ಕೂರಿಸುವ ದೊಡ್ಡ ಹಾರ್ನ್ ಸ್ಪೀಕರ್ ಅವರ ಹೆಸರುವಾಸಿ ಕೆಲಸ. 1957ರಲ್ಲಿ ಈ ಸಣ್ಣ ಪೆಟ್ಟಿಗೆ ಮಾಡಿದರು. ಮೂಲೆ ಬಿಟ್ಟು ಇಡುವ ಸ್ಪೀಕರ್ ಮಾಡಿದರೆ ಅದು ಹೆರೆಸಿ, ಅಂದರೆ ಧರ್ಮದ್ರೋಹ, ಅಂತ ಯಾರೋ ಅಂದರಂತೆ, ಅದನ್ನೇ ಹೆಸರಾಗಿ ಇಟ್ಟುಬಿಟ್ಟರು. ಒಳಗೆ ತಗ್ಗಿನ ಸ್ವರಗಳಿಗೆ 12 ಇಂಚಿನ ವೂಫರ್, ಮೇಲೆ ಎರಡು ಹಾರ್ನ್: ಒಂದು ಮಧ್ಯದ ಸ್ವರಗಳಿಗೆ, ಇನ್ನೊಂದು ಎತ್ತರದ ಸ್ವರಗಳಿಗೆ, ಅದೇ ಟ್ವೀಟರ್. 700 ಹರ್ಟ್ಸ್‌ನಿಂದ 6,000 ಹರ್ಟ್ಸ್‌ವರೆಗೆ ಮಧ್ಯದ ಹಾರ್ನ್‌ನದೇ ಕೆಲಸ. ಆ ಹಾರ್ನ್‌ನ ಹಿಂದೆ ಕೂತು ಸದ್ದು ಹುಟ್ಟಿಸುವ ಡ್ರೈವರ್‌ಗೆ ಕೆ-55-ವಿ ಅಂತ ಹೆಸರು. ಅದರೊಳಗೆ ತಂತಿಯ ಕಾಯಿಲ್ ಜೊತೆ ಅದುರುವ ತೆಳ್ಳನೆ ಪದರವೇ ಡಯಾಫ್ರಂ. ನನ್ನ ಕಥೆಯೆಲ್ಲ ಇದರದ್ದೇ.

ಮೊದಲ ಸಲ ಹಿಂದಿನ ಹಲಗೆ ಬಿಚ್ಚಿ ಈ ಡ್ರೈವರ್ ನೋಡಿದ ದಿನ ನಾನು ಹಾಗೇ ನೆಲದ ಮೇಲೆ ಕೂತುಬಿಟ್ಟೆ. ಇದು ನಮ್ಮ ಮೈಕ್‌ಸೆಟ್ ಯೂನಿಟ್! ತಿಪಟೂರಿನಲ್ಲಿ ಅಪ್ಪನ ಮೈಕ್‌ಸೆಟ್ ಅಂಗಡಿ ಇತ್ತು. ಮದುವೆ, ಜಾತ್ರೆ, ಎಲೆಕ್ಷನ್, ಗಣಪತಿ, ಎಲ್ಲದಕ್ಕೂ ಹಾರ್ನ್ ಕಟ್ಟುವುದು ನಾವೇ. ತೆಂಗಿನ ಮರ ಹತ್ತಿ ಹಾರ್ನ್ ಬಿಗಿದು, ಹಿಂದೆ ಅಹುಜಾ ಯೂನಿಟ್ಟನ್ನು ಬಾಟಲಿ ಮುಚ್ಚಳದ ಹಾಗೆ ತಿರುಗಿಸಿ ಕೂರಿಸುತ್ತಿದ್ದೆವು. ಇಲ್ಲೂ ಅದೇ ಮರೆ (ಸ್ಕ್ರೂ ಥ್ರೆಡ್), ಅದೇ ತಿರುಗಿಸುವ ಕೆಲಸ. ಆಮೇಲೆ ತಿಳಿಯಿತು, ಈ ಡ್ರೈವರ್ ಮಾಡಿಕೊಟ್ಟಿದ್ದು ಅಟ್ಲಾಸ್ ಅನ್ನುವ ಕಂಪನಿ. ಅವರ ಕಸುಬೇ ಧ್ವನಿವರ್ಧಕದ ಯೂನಿಟ್ ಮಾಡುವುದು. ಯೋಚನೆ ಮಾಡಿದರೆ ಇದರಲ್ಲಿ ಆಶ್ಚರ್ಯವೇನಿಲ್ಲ. ಅಪ್ಪನ ಹತ್ತಿರ ಇದ್ದದ್ದು ಬ್ಯಾಟರಿಯ ಮೇಲೆ ಓಡುವ ಸಣ್ಣ ಆಂಪ್ಲಿಫೈಯರ್. 1940ರ ದಶಕದಲ್ಲಿ ಕ್ಲಿಪ್ಶ್ ಅವರ ಹತ್ತಿರ ಇದ್ದದ್ದೂ ಕೆಲವೇ ವಾಟ್‌ನ ವಾಲ್ವ್ ಆಂಪ್ಲಿಫೈಯರ್. ಕಡಿಮೆ ಕರೆಂಟಿನಲ್ಲಿ ಜಾಸ್ತಿ ಸದ್ದು ಬೇಕು ಅಂದರೆ ಹಾರ್ನ್ ಬಿಟ್ಟು ದಾರಿಯಿಲ್ಲ. ಹೆರೆಸಿ ಒಂದು ವಾಟ್‌ಗೆ 96 ಡೆಸಿಬೆಲ್ ಕೊಡುತ್ತದೆ. 86 ಡೆಸಿಬೆಲ್‌ನ ಸಾಧಾರಣ ಪೆಟ್ಟಿಗೆಯಿಂದ ಅಷ್ಟೇ ಸದ್ದು ಬರಬೇಕಾದರೆ 10 ವಾಟ್ ಕೊಡಬೇಕು.

ಅಪ್ಪನಿಗೆ ವಿಡಿಯೋ ಕಾಲ್ ಮಾಡಿದೆ.

“ಕಾಯಿಲ್ ಸುಟ್ಟಿದೆಯೇನೋ?”

“ಇಲ್ಲಪ್ಪ. ಮೀಟರ್‌ನಲ್ಲಿ ಎರಡೂ 11 ಓಂ ಹತ್ತಿರ ತೋರಿಸ್ತಿವೆ.”

“ಸೆಲ್ ಮುಟ್ಟಿಸಿ ನೋಡ್ದಾ?”

ಟಾರ್ಚಿನ ಒಂದೂವರೆ ವೋಲ್ಟ್ ಸೆಲ್ ಒಂದು ಕ್ಷಣ ಮುಟ್ಟಿಸಿದೆ. ಬಲಗಡೆಯದು ಟಕ್ ಅಂತು. ಎಡಗಡೆಯದು ಟಪ್ ಅಂತು, ಒಡೆದ ಮಡಕೆ ತಟ್ಟಿದ ಹಾಗೆ. ಫೋನಿನಲ್ಲೇ ಕೇಳಿಸಿಕೊಂಡ ಅಪ್ಪ, “ಡಯಾಫ್ರಂ ಸೀಳಿದೆ ಕಣೋ. ಬಿಚ್ಚು,” ಅಂದರು.

ಬಿಚ್ಚಿದೆ. ಕಂದು ಬಣ್ಣದ ಡಯಾಫ್ರಂ, ಬಟ್ಟೆಗೆ ಫೀನಾಲಿಕ್ ರಾಳ ಕುಡಿಸಿ ಅಚ್ಚು ಹಾಕಿದ್ದು. ಬೇಕಲೈಟ್ ಜಾತಿಯದೇ ವಸ್ತು. ಬೆಳಕಿಗೆ ಹಿಡಿದರೆ ಅಂಚಿನ ಮಡಿಕೆಯಲ್ಲಿ ಅರ್ಧ ಇಂಚಿನಷ್ಟು ಉದ್ದದ ಸೀಳು, ಕೂದಲಿಗಿಂತ ತೆಳ್ಳಗೆ. ಸುಮಾರು ಐವತ್ತು ವರ್ಷ ಅದುರಿ ಅದುರಿ ದಣಿದಿತ್ತು ಪಾಪ.

ನನ್ನ ಮುಂದೆ ಎರಡು ದಾರಿ ಇದ್ದವು. ಹಳೆಯದರ ಹಾಗೇ ಇರುವ ಫೀನಾಲಿಕ್ ಡಯಾಫ್ರಂ ತಂದು ಹಾಕುವುದು. ಇಲ್ಲವೇ ಡ್ರೈವರ್ ಪೂರ್ತಿ ತೆಗೆದು, ಅದೇ ಮರೆಗೆ ಕೂರುವ ಟೈಟಾನಿಯಂ ಡಯಾಫ್ರಂನ ಹೊಸ ಡ್ರೈವರ್ ಹಾಕುವುದು. ಹಳೇ ಸ್ಪೀಕರ್ ಇಟ್ಟುಕೊಂಡವರು ಹೆಚ್ಚಾಗಿ ಎರಡನೆಯದನ್ನೇ ಹೇಳುತ್ತಾರೆ. ಟೈಟಾನಿಯಂ ಹಗುರ, ಗಟ್ಟಿ, ಮೇಲಿನ ಸ್ವರಗಳು ಚೆನ್ನಾಗಿ ಬರುತ್ತವೆ ಎಂದು. ನಾನು ಎರಡನ್ನೂ ತರಿಸಿದೆ. ಫೀನಾಲಿಕ್ ಒಂದಕ್ಕೆ 48 ಡಾಲರ್, ಟೈಟಾನಿಯಂ ಡ್ರೈವರ್ ಒಂದಕ್ಕೆ 95.

ಮೊದಲು ಒಂದು ಎಚ್ಚರಿಕೆ ಹೇಳಬೇಕು. ಫೀನಾಲಿಕ್ ಡಯಾಫ್ರಂ ಆರ್ಡರ್ ಮಾಡಿದ್ದು ಆನ್‌ಲೈನ್‌ನ ಒಬ್ಬ ಮಾರಾಟಗಾರರಿಂದ. ಪೊಟ್ಟಣದ ಮೇಲೆ 16 ಓಂ ಅಂತ ಬರೆದಿತ್ತು. 16 ಓಂನದ್ದಾದರೆ ಮೀಟರ್‌ನಲ್ಲಿ ನನ್ನ ಹಳೆಯವುಗಳ ಹಾಗೆ 11ರ ಹತ್ತಿರ ತೋರಿಸಬೇಕು. ಇಟ್ಟು ನೋಡಿದರೆ 5.6! ಅಂದರೆ ಒಳಗಿದ್ದದ್ದು 8 ಓಂ ಕಾಯಿಲ್. ಕೂರುವುದಂತೂ ಸರಿಯಾಗಿಯೇ ಕೂರುತ್ತದೆ, ಸದ್ದೂ ಬರುತ್ತದೆ, ಹಾಗಾಗಿ ಎಷ್ಟೋ ಜನ ಗಮನಿಸುವುದೇ ಇಲ್ಲ. ಆದರೆ ಯಾವ ಸ್ವರ ವೂಫರ್‌ಗೆ, ಯಾವುದು ಹಾರ್ನ್‌ಗೆ ಅಂತ ಹಂಚುವ ಕ್ರಾಸ್‌ಓವರ್‌ನ ಕೆಪ್ಯಾಸಿಟರ್ ಲೆಕ್ಕ ಹಾಕಿರುವುದು 16 ಓಂಗೆ. ಓಂ ಅರ್ಧವಾದರೆ ಕೊಯ್ಯುವ ಜಾಗ ದುಪ್ಪಟ್ಟು ಮೇಲೆ ಹೋಗುತ್ತದೆ. 700ಕ್ಕೆ ಶುರುವಾಗಬೇಕಾದ ಹಾರ್ನ್ 1,400ರ ಹತ್ತಿರ ಶುರುವಾಗುತ್ತದೆ. ಮಾತಿನ ತಿರುಳೆಲ್ಲ ಇರುವ ಜಾಗದಲ್ಲೇ ಹಳ್ಳ ಬೀಳುತ್ತದೆ. ವಾಪಸ್ ಕಳಿಸಿ, ಸರಿಯಾದದ್ದು ಕೈಸೇರಲು ಮೂರು ವಾರ ಹಿಡಿಯಿತು. ನೀವು ತರಿಸಿದರೆ ಪೊಟ್ಟಣ ಒಡೆದ ಕೂಡಲೇ ಮೀಟರ್ ಇಡಿ.

ಹಾಕುವ ಕೆಲಸದಲ್ಲಿ ತಾಳ್ಮೆ ಬೇಕಾಗಿದ್ದು ಒಂದೇ ಕಡೆ: ಕಾಯಿಲ್ ಕೂರುವ ಸಂದು. ಮ್ಯಾಗ್ನೆಟ್ಟಿನ ಸುತ್ತ ಇರುವ ಆ ಸಂದು ಎಷ್ಟು ಕಿರಿದು ಅಂದರೆ, ಎರಡು ವಿಸಿಟಿಂಗ್ ಕಾರ್ಡ್ ಒಟ್ಟಿಗೆ ತೂರಿಸಿದರೆ ಬಿಗಿಯಾಗುತ್ತದೆ. ಐವತ್ತು ವರ್ಷದಲ್ಲಿ ಅದರೊಳಗೆ ಕಬ್ಬಿಣದ ಹುಡಿ ಸೇರಿತ್ತು. ಊದಿದರೆ ಬರುವುದಿಲ್ಲ, ಮ್ಯಾಗ್ನೆಟ್ ಬಿಡುವುದಿಲ್ಲ. ಅಪ್ಪ ಹೇಳಿಕೊಟ್ಟಿದ್ದು ಇದು: ಗಟ್ಟಿ ಕಾಗದದ ಪಟ್ಟಿಗೆ ಅಂಟು ಟೇಪನ್ನು, ಅಂಟಿನ ಮುಖ ಹೊರಗೆ ಬರುವಂತೆ ಸುತ್ತಿ, ಸಂದಿನಲ್ಲಿ ಇಳಿಸಿ ನಿಧಾನಕ್ಕೆ ಸುತ್ತು ಹಾಕಿಸುವುದು. ಮೊದಲ ಸುತ್ತಿಗೆ ಟೇಪು ಕಾಡಿಗೆ ಬಳಿದ ಹಾಗೆ ಕಪ್ಪಾಯಿತು. ಆರನೇ ಟೇಪು ಬೆಳ್ಳಗೆ ಹೊರಗೆ ಬಂತು. ಅಷ್ಟಾದ ಮೇಲೆಯೇ ಹೊಸ ಡಯಾಫ್ರಂ ಮುಟ್ಟಿದೆ. ಇನ್ನೊಂದು ಮಾತು, ಸ್ಕ್ರೂಡ್ರೈವರನ್ನು ಎರಡೂ ಕೈಯಲ್ಲಿ ಹಿಡಿಯಿರಿ. ಮ್ಯಾಗ್ನೆಟ್ ಅದನ್ನು ಸೆಳೆದುಕೊಂಡು ಡಯಾಫ್ರಂ ಮೇಲೆ ಬೀಳಿಸಿದರೆ 48 ಡಾಲರ್ ಒಂದೇ ಏಟಿಗೆ ಹೋಯಿತು.

ಸ್ಕ್ರೂಗಳನ್ನು ಎದುರುಬದುರಾಗಿ, ಸ್ವಲ್ಪ ಸ್ವಲ್ಪವೇ ಬಿಗಿದೆ. ಫೋನಿನ ಆಪ್‌ನಿಂದ 500 ಹರ್ಟ್ಸ್‌ನಿಂದ ಮೇಲಕ್ಕೆ ಮೆಲ್ಲಗೆ ಏರುವ ಸ್ವರ ಕೊಟ್ಟು, ತೀರಾ ಸಣ್ಣ ವಾಲ್ಯೂಮ್‌ನಲ್ಲಿ ಕೇಳಿದೆ. ಕಾಯಿಲ್ ಎಲ್ಲಾದರೂ ಉಜ್ಜುತ್ತಿದ್ದರೆ ಇಲ್ಲೇ ಗೊತ್ತಾಗುತ್ತದೆ. ಎಲ್ಲೂ ಉಜ್ಜಲಿಲ್ಲ. ಪ್ಲಸ್, ಮೈನಸ್ ತಂತಿ ಮೊದಲಿದ್ದ ಹಾಗೇ ಸೇರಿಸಿದೆ. ಬಲಗಡೆಯದಕ್ಕೂ ಹೊಸದನ್ನೇ ಹಾಕಿದೆ. ಒಂದು ಹೊಸದು, ಒಂದು ಐವತ್ತು ವರ್ಷದ್ದು ಇದ್ದರೆ ಜೋಡಿ ಕೂಡುವುದಿಲ್ಲ, ಮತ್ತೆ ದನಿ ಒಂದು ಕಡೆಗೆ ವಾಲುತ್ತದೆ.

ಈಗ ಟೈಟಾನಿಯಂ ವಿಷಯ. ನ್ಯಾಯವಾಗಿ ಇರಲಿ ಅಂತ ಒಂದು ವಾರ ಪೂರ್ತಿ ಅವನ್ನೇ ಹಾಕಿ ಕೇಳಿದೆ. ಮೊದಲ ಹತ್ತು ನಿಮಿಷ ಖುಷಿಯಾಗುತ್ತದೆ. ತಂಬೂರಿ ಮಿನುಗುತ್ತದೆ, ಸಂತೂರ್‌ನ ಒಂದೊಂದು ಏಟೂ ಬಿಡಿಬಿಡಿಯಾಗಿ ಕೇಳುತ್ತದೆ. ಒಂದು ಗಂಟೆ ಕಳೆದರೆ ತಲೆ ಭಾರ. ‘ಸ’ಕಾರ, ‘ಶ’ಕಾರ ಕಿವಿಗೆ ಚುಚ್ಚುತ್ತವೆ. ನನ್ನ ಹೆಂಡತಿ ಅಡುಗೆಮನೆಯಿಂದಲೇ, “ಇದೇನ್ರೀ, ಎಲ್ಲರೂ ಹಲ್ಲು ಕಚ್ಚಿಕೊಂಡು ಹಾಡ್ತಿದ್ದಾರೆ?” ಅಂದಳು. ಅವಳಿಗೆ ನಾನು ಏನು ಬದಲಾಯಿಸಿದ್ದೇನೆ ಅಂತ ಹೇಳಿರಲಿಲ್ಲ.

ಇದರ ಕಾರಣ ಕ್ರಾಸ್‌ಓವರ್‌ನಲ್ಲಿದೆ. ನನ್ನ ಹೆರೆಸಿಯಲ್ಲಿರುವುದು ಟೈಪ್ ಇ. ಎಣ್ಣೆ ತುಂಬಿದ ತಗಡಿನ ಕೆಪ್ಯಾಸಿಟರ್‌ಗಳು, ಒಂದು ಕಾಯಿಲ್, ಹಾರ್ನ್‌ನ ಜೋರನ್ನು ವೂಫರ್ ಮಟ್ಟಕ್ಕೆ ಇಳಿಸುವ ಒಂದು ಆಟೋಟ್ರಾನ್ಸ್‌ಫಾರ್ಮರ್, ಅಷ್ಟೇ. ಮಧ್ಯದ ಹಾರ್ನ್ ಇಲ್ಲಿಗೆ ನಿಲ್ಲಬೇಕು ಎಂದು ಮೇಲುಗಡೆ ತಡೆಯುವ ಭಾಗವೇ ಅದರಲ್ಲಿಲ್ಲ. ಯಾಕೆಂದರೆ ಫೀನಾಲಿಕ್ ಡಯಾಫ್ರಂ 6,000ದ ಆಸುಪಾಸಿನಲ್ಲಿ ತಾನಾಗಿಯೇ ಇಳಿಯುತ್ತದೆ, ಅಲ್ಲಿಂದ ಟ್ವೀಟರ್ ಹಿಡಿದುಕೊಳ್ಳುತ್ತದೆ. ಟೈಟಾನಿಯಂ ಇಳಿಯುವುದಿಲ್ಲ. ಇಬ್ಬರು ಒಂದೇ ಸಾಲನ್ನು ಒಟ್ಟಿಗೆ, ಕೂದಲೆಳೆಯಷ್ಟು ಹಿಂದೆ ಮುಂದೆ ಹೇಳಿದ ಹಾಗಾಗುತ್ತದೆ. ಟೈಟಾನಿಯಂ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಅದಕ್ಕೆ ತಕ್ಕ ಕ್ರಾಸ್‌ಓವರ್ ಕಟ್ಟಿಕೊಂಡರೆ ಚೆನ್ನಾಗಿಯೇ ಇರಬಹುದು. ಆದರೆ ಹಳೇ ಕ್ರಾಸ್‌ಓವರ್ ಹಾಗೇ ಇಟ್ಟುಕೊಂಡು ಡ್ರೈವರ್ ಮಾತ್ರ ಬದಲಾಯಿಸುವವರು ಸುಮ್ನೆ ದುಡ್ಡು ಕಳೆದುಕೊಳ್ಳುತ್ತಾರೆ.

ಫೀನಾಲಿಕ್ ವಾಪಸ್ ಹಾಕಿದ ಸಂಜೆ ಮತ್ತೆ ಗಂಗೂಬಾಯಿ ಅವರನ್ನೇ ಹಚ್ಚಿದೆ. ಗಂಟಲಿನ ಆಪರೇಷನ್ ಆದ ಮೇಲೆ ತಗ್ಗಿದ ದನಿ ಅವರದು, ಗಂಡುದನಿಯಷ್ಟೇ ಗಾತ್ರ. ಆ ದನಿಯ ಬುಡ ವೂಫರ್‌ನಿಂದಲೇ ಬರುತ್ತದೆ, ಹಾಗಾಗಿ ಡಯಾಫ್ರಂ ಹೋದಾಗಲೂ ದನಿ ಪೂರ್ತಿ ಮಾಯವಾಗಿರಲಿಲ್ಲ. ಹೋಗಿದ್ದದ್ದು ಅದರ ಅಂಚು: ಅಕ್ಷರದ ಮೊನೆ, ಉಸಿರು, ಸ್ವರ ಹಿಡಿದು ನಿಲ್ಲುವಾಗಿನ ಆ ಒರಟು. ಈಗ ಅದೆಲ್ಲ ಬಂತು. ಅವರು ನಡುವೆ ಕೂತರು. ವಿಲಂಬಿತದಲ್ಲಿ ಷಡ್ಜಕ್ಕೆ ಬಂದು ನಿಂತಾಗ ಗೋಡೆಯ ಮುಂದೆ ಒಂದು ಆಳು ಇದ್ದಾರೆ ಅನ್ನಿಸುವಷ್ಟು ಗಟ್ಟಿಯಾಗಿ ಕೂತರು. ಹಿಂದೆಯೇ ಮಲ್ಲಿಕಾರ್ಜುನ ಮನ್ಸೂರರ ವಚನ ಗಾಯನ ಹಾಕಿದೆ. ಮಾತು ಒಂದೊಂದೂ ಬಿಡಿಸಿ ಕೇಳಿಸಿತು. ಹತ್ತು ವರ್ಷದ ಮಗಳು ಬಂದು ಪಕ್ಕದಲ್ಲಿ ಕೂತು, ಕೊನೆವರೆಗೂ ಏಳಲಿಲ್ಲ.

ಜೊತೆಗೆ ಮಾಡಿದ ಸಣ್ಣ ಕೆಲಸಗಳೂ ಲೆಕ್ಕಕ್ಕೆ ಬರುತ್ತವೆ. ಹಾರ್ನ್ ಮತ್ತು ಡ್ರೈವರ್ ನಡುವಿನ ಗ್ಯಾಸ್ಕೆಟ್ ಪುಡಿಯಾಗಿತ್ತು, ಹೊಸದು ಕತ್ತರಿಸಿ ಹಾಕಿದೆ. ನನ್ನ ಪೆಟ್ಟಿಗೆಯಲ್ಲಿರುವುದು ಲೋಹದ ಹಾರ್ನ್, ಬೆರಳಿನಿಂದ ತಟ್ಟಿದರೆ ಗಂಟೆಯ ಹಾಗೆ ಗುಂಯ್ ಅನ್ನುತ್ತಿತ್ತು. ಕಿಟಕಿ ಸಂದಿಗೆ ತುಂಬುವ ಮೆತ್ತನೆ ಪುಟ್ಟಿಯನ್ನು ಹೊರಮೈಗೆ ಒತ್ತಿದೆ, ಆರು ಡಾಲರ್. ಈಗ ತಟ್ಟಿದರೆ ಮರ ತಟ್ಟಿದ ಹಾಗಿದೆ. ಆರು ಡಾಲರ್‌ಗೆ ಇಷ್ಟು ಲಾಭ ಬೇರೆ ಯಾವುದರಲ್ಲೂ ಸಿಗಲಿಲ್ಲ. ಕೆಪ್ಯಾಸಿಟರ್ ಅದೇ ಅಳತೆಯ ಹೊಸವು ಹಾಕಿದೆ, ಟ್ವೀಟರ್ ಸ್ವಲ್ಪ ಚುರುಕಾಯಿತು. ಅದು ಇನ್ನೊಂದು ದಿನದ ಮಾತು.

ಕೊಳ್ಳಬೇಕೋ ಬೇಡವೋ ಅಂತ ಕೇಳುವವರಿಗೆ ನನ್ನ ಉತ್ತರ: ಕೆ-55-ವಿ ಇರುವ ಹಳೇ ಹೆರೆಸಿ ನಿಮ್ಮದಾಗಿದ್ದು, ದನಿ ಮಂಕಾಗಿದ್ದರೆ ಅಥವಾ ಗರ್ ಅಂದರೆ, 16 ಓಂನ ಫೀನಾಲಿಕ್ ಜೋಡಿ ಕಣ್ಣುಮುಚ್ಚಿ ತರಿಸಿ. ಚೆನ್ನಾಗಿ ಹಾಡುತ್ತಿದ್ದರೆ ಬಿಚ್ಚಲೇ ಬೇಡಿ. ಬಿಚ್ಚಿದ ಮೇಲೆ ಹಿಂದಿನ ಹಲಗೆಯ ಸ್ಕ್ರೂಗಳನ್ನು ಪೂರ್ತಿ ಬಿಗಿ ಮಾಡಿ. ಇದು ಗಾಳಿಯಾಡದ ಪೆಟ್ಟಿಗೆ, ಗಾಳಿ ಸೋರಿದರೆ ವೂಫರ್‌ನ ಸದ್ದು ಬಿಗಿ ಕಳೆದುಕೊಳ್ಳುತ್ತದೆ.

ಟೈಟಾನಿಯಂ ಡ್ರೈವರ್‌ಗಳನ್ನು ವಾಪಸ್ ಕಳಿಸಿದೆ. ಸೀಳಿದ ಹಳೇ ಡಯಾಫ್ರಂ ಬಿಸಾಡಬೇಡ, ಊರಿಗೆ ಬರುವಾಗ ತಗೊಂಡು ಬಾ, ನೋಡಬೇಕು ಅಂತ ಅಪ್ಪ ಹೇಳಿದ್ದಾರೆ. ಅದನ್ನು ಹತ್ತಿಯಲ್ಲಿ ಸುತ್ತಿ ಸೂಟ್‌ಕೇಸಿನ ಜೇಬಿನಲ್ಲಿ ಇಟ್ಟಿದ್ದೇನೆ. ಬಲಗಡೆಯ ಹಳೆಯದು ಇನ್ನೂ ಗಟ್ಟಿಯಾಗಿದೆ. ಒಂದು ಸ್ವೀಟ್ ಡಬ್ಬಿಯಲ್ಲಿಟ್ಟು ಮೇಲೆ ಚೀಟಿ ಅಂಟಿಸಿದ್ದೇನೆ: “ಹೆರೆಸಿ ಮಿಡ್, ಬಲ, 1976, 10.9 ಓಂ, ಚೆನ್ನಾಗಿದೆ.”