ಅಡಿಕೆ ವಖಾರಿಗೆ ಎಐ ಸಹಾಯಕ: ಸಾಧನಗಳ ವಿವರಣೆಯನ್ನು ಓದಿ ಬರೆದ ವಿಮರ್ಶೆ

ಅಡಿಕೆ ವ್ಯಾಪಾರಕ್ಕೆಂದೇ ಸಣ್ಣ ಸಂಸ್ಥೆಯೊಂದು ಸಿದ್ಧಪಡಿಸಿರುವ ಎಐ ಸಹಾಯಕವನ್ನು ಶಿರಸಿಯ ನಮ್ಮ ವಖಾರಿಯಲ್ಲಿ ಈ ಹಂಗಾಮಿನಿಂದ ಬಳಸುತ್ತಿದ್ದೇವೆ. ಟೆಂಡರಿನ ದರ, ಲಾಟುಗಳ ದಾಸ್ತಾನು, ಬೆಳೆಗಾರರ ಖಾತೆ ಇವನ್ನೆಲ್ಲ ಕನ್ನಡದಲ್ಲಿ ಕೇಳಿ ತಿಳಿಯಬಹುದೆಂಬುದು ಮಾರಾಟಗಾರರ ಭರವಸೆ. ಒಳಗಿರುವ ಭಾಷಾ ಮಾದರಿ, ಅಂದರೆ ಪ್ರಶ್ನೆಯನ್ನು ಓದಿ ಉತ್ತರ ಬರೆಯುವ ಎಐ, ಬೇರೊಂದು ದೊಡ್ಡ ಕಂಪನಿಯದು. ಇವರು ಕಟ್ಟಿಕೊಟ್ಟಿರುವುದು ಆ ಮಾದರಿ ಕರೆದು ಬಳಸುವ ಸಾಧನಗಳನ್ನು, ಅಂದರೆ ದರ ಹುಡುಕುವ, ಖಾತೆ ತೆರೆಯುವ ಸಣ್ಣ ತಂತ್ರಾಂಶಗಳನ್ನು ಮಾತ್ರ. ಹೀಗಾಗಿ ನಾವು ಹಣ ತೆರುತ್ತಿರುವುದು ಈ ಸಾಧನಗಳಿಗೆ ಮತ್ತು ಅವುಗಳಿಗೆ ಬರೆದಿರುವ ವಿವರಣೆಗೆ.

ಇಡೀ ಜೋಡಣೆ, 2024ರ ನವೆಂಬರಿನಲ್ಲಿ ಆಂತ್ರಾಪಿಕ್ ಎಂಬ ಎಐ ಕಂಪನಿ ಪ್ರಕಟಿಸಿದ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್ ಎಂಬ ಮುಕ್ತ ವಿಧಾನದಲ್ಲಿದೆ. ಅದರ ಪ್ರಕಾರ ಪ್ರತಿ ಸಾಧನಕ್ಕೂ ಹೆಸರು, ವಿವರಣೆ ಹಾಗೂ ತುಂಬಬೇಕಾದ ಅಂಶಗಳ ನಮೂನೆ ಇರುತ್ತವೆ. ಸಾಧನದ ಒಳಗಿನ ಕೋಡ್ ಮಾದರಿಗೆ ಕಾಣುವುದಿಲ್ಲ. ಹೆಸರು, ವಿವರಣೆ, ನಮೂನೆ ಇವನ್ನು ಓದಿಯೇ ಅದು ಯಾವ ಸಾಧನವನ್ನು ಕರೆಯಬೇಕೆಂದು ತೀರ್ಮಾನಿಸುತ್ತದೆ.

ಮೊದಲು ಬಂದ ಆವೃತ್ತಿಯಲ್ಲಿ ದರಕ್ಕೆ ಸಂಬಂಧಿಸಿದ ಎರಡು ಸಾಧನಗಳಿದ್ದವು, ಎರಡಕ್ಕೂ 'ಅಡಿಕೆಯ ದರವನ್ನು ಕೊಡುತ್ತದೆ' ಎಂಬ ಒಂದೇ ಸಾಲಿನ ವಿವರಣೆಯಿತ್ತು. ಒಂದು ಆ ದಿನದ ಟೆಂಡರಿನ ಕನಿಷ್ಠ ಮತ್ತು ಗರಿಷ್ಠ ದರವನ್ನು ಕ್ವಿಂಟಲ್ ಲೆಕ್ಕದಲ್ಲಿ ಕೊಡುತ್ತಿತ್ತು. ಇನ್ನೊಂದು ತಿಂಗಳ ಸರಾಸರಿಯನ್ನು, ಅದೂ ಕಿಲೋ ಲೆಕ್ಕದಲ್ಲಿ. ಸಹಾಯಕ ಇವುಗಳಲ್ಲಿ ಕೈಗೆ ಸಿಕ್ಕಿದ್ದನ್ನು ಕರೆದು, ಬಂದ ಅಂಕಿಯನ್ನು ಸಂಕೋಚವಿಲ್ಲದೆ ಇಂದಿನ ದರವೆಂದು ಹೇಳುತ್ತಿತ್ತು. ಅಡಿಕೆಯ ಬಗೆಯ ವಿಷಯದಲ್ಲಿ ತೊಂದರೆ ಇದಕ್ಕಿಂತ ಆಳದ್ದು. ನಮ್ಮಲ್ಲಿ ಕೆಂಪಡಿಕೆ ಎಂದರೆ ಹಸಿ ಅಡಿಕೆಯನ್ನು ಸುಲಿದು, ಬೇಯಿಸಿ, ಒಣಗಿಸಿದ ರಾಶಿ, ಬೆಟ್ಟೆ ಮೊದಲಾದ ಬಗೆಗಳು. ಆದರೆ ನಮೂನೆಯಲ್ಲಿ ಬಗೆಯ ಜಾಗವನ್ನು ಏನು ಬೇಕಾದರೂ ಬರೆಯುವಂತೆ ಬಿಟ್ಟಿದ್ದರಿಂದ, ಕೆಂಪಡಿಕೆಯ ದರ ಕೇಳಿದವರಿಗೆ ಸಹಾಯಕ ಹೆಸರಿನ ಹೋಲಿಕೆ ಹಿಡಿದು ಕೆಂಪುಗೋಟು ಎಂಬ ಬೇರೆ ಬಗೆಯ ದರ ತಂದುಕೊಡುತ್ತಿತ್ತು. ರಾಶಿಗಿಂತ ಬಹಳ ಕಡಿಮೆಗೆ ಹೋಗುವ ಮಾಲಿನ ದರ ಅದು. ಕೌಂಟರಿನಲ್ಲಿ ನಿಂತ ಬೆಳೆಗಾರರಿಗೆ ಅದನ್ನು ಹೇಳಿದರೆ ಅವರು ಮೂಟೆಯನ್ನು ಮತ್ತೆ ಗಾಡಿಗೆ ಹೇರುತ್ತಾರೆ.

ದೂರಿದ ಬಳಿಕ ಬಂದ ಹೊಸ ಆವೃತ್ತಿಯಲ್ಲಿ ಮಾದರಿ ಬದಲಾಗಿಲ್ಲ, ಕೋಡ್ ಕೂಡ ಬಹುತೇಕ ಹಳೆಯದೇ. ವಿವರಣೆಗಳನ್ನು ಮಾತ್ರ ಶ್ರದ್ಧೆಯಿಂದ ತಿದ್ದಿದ್ದಾರೆ. 'ಒಂದು ನಿರ್ದಿಷ್ಟ ದಿನದ ಟೆಂಡರ್ ದರ ಬೇಕಾದಾಗ ಮಾತ್ರ ಇದನ್ನು ಬಳಸಬೇಕು. ತಿಂಗಳ ಸರಾಸರಿಗೆ ಇದನ್ನು ಬಳಸಬಾರದು. ಉತ್ತರ ಕ್ವಿಂಟಲಿಗೆ ರೂಪಾಯಿಗಳಲ್ಲಿ' ಎಂದು ಈಗ ಬರೆದಿದೆ. ಯಾವಾಗ ಬಳಸಬಾರದೆಂಬ ಆ ಮಧ್ಯದ ಮಾತು ಸಾಧನಗಳ ನಡುವಿನ ಗೊಂದಲವನ್ನು ಹೆಚ್ಚುಕಡಿಮೆ ನಿಲ್ಲಿಸಿದೆ. ಬಗೆಯ ಜಾಗದಲ್ಲಿ ರಾಶಿ, ಬೆಟ್ಟೆ, ಚಾಲಿ, ಕೆಂಪುಗೋಟು, ಬಿಳಿಗೋಟು ಮುಂತಾದ ನಿಗದಿತ ಹೆಸರುಗಳಷ್ಟೇ ನಡೆಯುತ್ತವೆ. ಕೆಂಪಡಿಕೆ ಎಂದಾಗ ಯಾವ ಬಗೆಯೆಂದು ಸಹಾಯಕ ಮರುಪ್ರಶ್ನೆ ಕೇಳುತ್ತದೆ. ವ್ಯಾಪಾರ ನಡೆಯದ ದಿನ ಮೊದಲು ಸೊನ್ನೆ ಬರುತ್ತಿದ್ದ ಕಡೆ, ಆ ದಿನ ಟೆಂಡರ್ ನಡೆದಿಲ್ಲ, ಹಿಂದಿನ ದಿನಾಂಕ ಕೊಟ್ಟು ಮತ್ತೆ ಕರೆಯಬೇಕು ಎಂಬ ಸೂಚನೆ ಬರುತ್ತದೆ.

ವಿವರಣೆ ಉದ್ದವಾದಷ್ಟೂ ಒಳ್ಳೆಯದೆಂದು ಇದರ ಅರ್ಥವಲ್ಲ. ಅದು ಪ್ರಶ್ನೆಯ ಜೊತೆಗೆ ಮಾದರಿಗೆ ಹೋಗುವುದರಿಂದ ಟೋಕನ್ ಖರ್ಚು, ಅಂದರೆ ಮಾದರಿ ಓದುವ ಪಠ್ಯದ ತುಣುಕುಗಳಿಗೆ ತೆರುವ ಹಣ, ಏರುತ್ತದೆ. ದಾಸ್ತಾನಿನ ಸಾಧನಕ್ಕೆ ಸಂಸ್ಥೆಯ ಹಿರಿಮೆಯನ್ನು ಸಾರುವ ಸಾಲುಗಳನ್ನು ಏಕೆ ಸೇರಿಸಿದ್ದಾರೆಂಬುದು ನನಗೆ ಅರ್ಥವಾಗಿಲ್ಲ.

ದರ ಮತ್ತು ದಾಸ್ತಾನು ನೋಡುವುದಕ್ಕಾಗಿ ಈ ಸೇವೆಯನ್ನು ಧಾರಾಳವಾಗಿ ಕೊಳ್ಳಬಹುದು. ಖಾತೆಯ ಸಾಧನದ ವಿವರಣೆ ಮಾತ್ರ ಇಂದಿಗೂ 'ಖಾತೆಯನ್ನು ನಿರ್ವಹಿಸುತ್ತದೆ' ಎಂಬಲ್ಲಿಗೇ ನಿಂತಿದೆ: ಅದು ಬರೀ ಓದುತ್ತದೆಯೋ, ಹಳೆಯ ನಮೂದನ್ನು ಅಳಿಸಿಬಿಡುತ್ತದೆಯೋ ಅದರಲ್ಲಿ ಇಲ್ಲ. ಪ್ರೋಟೋಕಾಲಿನಲ್ಲಿ ಇದನ್ನು ಗುರುತಿಸಲು ಪ್ರತ್ಯೇಕ ಸೂಚಕಗಳೇ ಇದ್ದರೂ ಇವರು ಅವನ್ನು ತುಂಬಿಲ್ಲ. ಅವನ್ನು ತುಂಬುವವರೆಗೆ ಆ ಸಾಧನವನ್ನು ನಾವು ಮುಚ್ಚಿಟ್ಟಿದ್ದೇವೆ. ಖಾತೆಯ ಜಮಾ-ಖರ್ಚನ್ನು ಗುಮಾಸ್ತರೇ ಬರೆಯುತ್ತಿದ್ದಾರೆ.