ಡಬ್ಬವೋ ಲ್ಯಾಪ್‌ಟಾಪೋ: ಆರು ವರ್ಷ ಏಗಿದ ಮೇಲೆ

ಮನೆಯಲ್ಲೇ ಹಾಡು ರೆಕಾರ್ಡ್ ಮಾಡಬೇಕು, ಏನು ತಗೊಳ್ಳಲಿ ಎಂದು ಕೇಳುವವರನ್ನು ನಾನು ತಿರುಗಿ ಕೇಳುವುದು ಒಂದೇ: ಹಾಡುವವರು ಯಾರು?

ನಮ್ಮದು ಶಿರಸಿ ಕಡೆಯ ಹೆಂಚಿನ ಮನೆ. ನಾನು ಹಾರ್ಮೋನಿಯಂ ಬಾರಿಸುತ್ತೇನೆ, ಮಗಳು ಪಿಟೀಲು ಕಲಿಯುತ್ತಿದ್ದಾಳೆ, ಆಯಿಯ, ಅಂದರೆ ನನ್ನ ತಾಯಿಯ, ಬಾಯಲ್ಲಿ ಹಸೆಹಾಡು, ಆರತಿ ಹಾಡು ಬೇಕಾದಷ್ಟಿವೆ. ಆರು ವರ್ಷದ ಹಿಂದೆ 8 ಟ್ರ್ಯಾಕಿನ, ಅಂದರೆ ಎಂಟು ದನಿಯನ್ನು ಬೇರೆ ಬೇರೆಯಾಗಿ ಇಟ್ಟುಕೊಳ್ಳುವ, ಒಂದು ರೆಕಾರ್ಡರ್ ಕೊಂಡೆ. ತಲೆಬರಹದ ಡಬ್ಬ ಅದೇ. ಕಂಪ್ಯೂಟರ್ ಬೇಡ, ಅದರಲ್ಲೇ ರೆಕಾರ್ಡ್, ಎಲ್ಲ ದನಿ ಹದವಾಗಿ ಬೆರೆಸುವ ಮಿಕ್ಸ್ ಕೂಡ ಅದರಲ್ಲೇ. ಅದಾಗಿ ಎರಡು ವರ್ಷಕ್ಕೆ ಎರಡು ಮೈಕ್ ಹಾಕಿ ಅವುಗಳ ದನಿಯನ್ನು ಕಂಪ್ಯೂಟರಿಗೆ ಕಳಿಸಬಹುದಾದ ಯುಎಸ್‌ಬಿ ಇಂಟರ್‌ಫೇಸ್ ತಂದು ಲ್ಯಾಪ್‌ಟಾಪಿಗೆ ರೀಪರ್ ಎಂಬ ರೆಕಾರ್ಡಿಂಗ್ ಸಾಫ್ಟ್‌ವೇರ್ ಹಾಕಿಕೊಂಡೆ. ಡಬ್ಬದ ಕಂಪನಿಯ ಹೆಸರು ಬರೆಯುವುದಿಲ್ಲ, ಆ ಮಾದರಿ ಈಗ ಅಂಗಡಿಯಲ್ಲಿ ಸಿಗುವುದೂ ಕಷ್ಟ. ಈ ಜಾತಿಯ ಯಂತ್ರ ಹೊಸತೇನಲ್ಲ. ಟ್ಯಾಸ್ಕಾಮ್‌ನವರು 1979ರಲ್ಲೇ ಸಾದಾ ಕ್ಯಾಸೆಟ್ಟಿನ ಮೇಲೆ ನಾಲ್ಕು ಟ್ರ್ಯಾಕ್ ಹಿಡಿಯುವ ಪೋರ್ಟಾಸ್ಟುಡಿಯೋ ತಂದಿದ್ದರು. ನನ್ನದು ಅದರದೇ ಮರಿಮಗ, ಕ್ಯಾಸೆಟ್ಟಿನ ಬದಲು ಎಸ್‌ಡಿ ಕಾರ್ಡ್.

ಡಬ್ಬದ ದೊಡ್ಡ ಗುಣ ಅದು ಲ್ಯಾಪ್‌ಟಾಪ್ ಅಲ್ಲದಿರುವುದು. ಆಯಿಯ ಎದುರು ಲ್ಯಾಪ್‌ಟಾಪ್ ತೆರೆದಿಟ್ಟರೆ ಅವಳ ಕಣ್ಣೆಲ್ಲ ಪರದೆಯ ಮೇಲೆ. ಅಲೆ ಅಲೆಯಾಗಿ ತನ್ನ ದನಿ ಓಡುವುದನ್ನು ನೋಡುತ್ತ ಎರಡನೇ ನುಡಿಯೇ ಮರೆತುಹೋಗುತ್ತಿತ್ತು. ಡಬ್ಬವನ್ನು ಜಗಲಿಯಲ್ಲಿ ಎಲೆ ಅಡಿಕೆ ತಟ್ಟೆಯ ಪಕ್ಕ ಇಟ್ಟೆ. ಕೆಂಪು ಗುಂಡಿ ಒತ್ತಿದರೆ ಮುಗಿಯಿತು. "ತಮಾ, ಶುರು ಆತಾ?" ಎಂದು ಕೇಳಿ ಹಾಡತೊಡಗಿದರೆ ಒಂದೇ ಮಧ್ಯಾಹ್ನ ಹನ್ನೊಂದು ಹಾಡು. ನಡುವೆ ಕುಕ್ಕರ್ ಕೂಗಿದ್ದೂ ಅದರಲ್ಲಿದೆ. ತೆಗೆಯಲು ಮನಸ್ಸಾಗಲಿಲ್ಲ.

ನಾಲ್ಕು ಪೆನ್ ಸೆಲ್ ಹಾಕಿದರೆ ಕರೆಂಟಿನ ಹಂಗಿಲ್ಲ. ನಮ್ಮಲ್ಲಿ ಮಳೆಗಾಲದಲ್ಲಿ ಇದು ಸಣ್ಣ ಮಾತಲ್ಲ. ಲ್ಯಾಪ್‌ಟಾಪ್ ಚಾರ್ಜರನ್ನು ನಮ್ಮ ಇನ್ವರ್ಟರಿಗೆ ಹಾಕಿದ್ದಾಗ ಪ್ರತಿ ಟ್ರ್ಯಾಕಿನ ಅಡಿಯಲ್ಲೂ ಗುಂಯ್ ಎನ್ನುವ ಸದ್ದು. ಶ್ರುತಿಪೆಟ್ಟಿಗೆಯೋ ಎಂದುಕೊಂಡು ಒಂದು ವಾರ ತಲೆ ಕೆಡಿಸಿಕೊಂಡೆ. ಚಾರ್ಜರ್ ಕಿತ್ತ ಕ್ಷಣ ಸದ್ದು ಹೋಯಿತು. ಆದರೆ ಡಬ್ಬದ ಸೆಲ್ಲೂ ಕೈಕೊಟ್ಟಿದ್ದುಂಟು. ಸಣ್ಣ ಸದ್ದನ್ನೂ ಹಿಡಿಯುವ ಕಂಡೆನ್ಸರ್ ಮೈಕಿಗೆ ಬೇಕಾದ 48 ವೋಲ್ಟ್ ಹಾಕಿದರೆ ಅವು ಕರ್ಪೂರದ ಹಾಗೆ ಕರಗುತ್ತವೆ. ಒಮ್ಮೆ ಮಂಗಳದ ಹೊತ್ತಿಗೆ ಆಫ್ ಆಗಿ ಇಡೀ ಟೇಕ್ ಹೋಯಿತು. ಸ್ಟಾಪ್ ಒತ್ತಿದ ಮೇಲೇ ಅದು ಫೈಲನ್ನು ಸರಿಯಾಗಿ ಮುಚ್ಚಿ ಕಾರ್ಡಿಗೆ ಬರೆಯುವುದು ಎಂಬುದು ಆವತ್ತು ತಿಳಿಯಿತು.

8 ಟ್ರ್ಯಾಕ್ ಎಂದರೆ ಎಂಟು ಮೈಕ್ ಎಂದು ಕೊಳ್ಳುವಾಗ ನಾನೂ ತಿಳಿದಿದ್ದೆ. ಅಲ್ಲ. ಒಂದು ಸಲಕ್ಕೆ ಹಿಡಿಯುವುದು ಎರಡೇ, ಒಟ್ಟಿಗೆ ಕೇಳಿಸುವುದು ಎಂಟು. ಮೊದಲು ಹಾರ್ಮೋನಿಯಂ, ಅದನ್ನು ಕೇಳುತ್ತ ತಬಲಾ, ಆಮೇಲೆ ಹಾಡು, ಹೀಗೆ ಒಂದರ ಮೇಲೊಂದು ಏರಿಸಬೇಕು. ನಾನು ಬಾರಿಸುತ್ತಲೇ ಹಾಡಿದರೆ ಹಾರ್ಮೋನಿಯಂ ದನಿ ಹಾಡಿನ ಮೈಕಿಗೂ ನುಗ್ಗುತ್ತದೆ. ಆಮೇಲೆ ಚರಣದ ಒಂದು ಸಾಲು ಅಪಸ್ವರವಾಗಿದ್ದರೆ ಅದೊಂದನ್ನೇ ತಿದ್ದಲು ಬರುವುದಿಲ್ಲ. ಲ್ಯಾಪ್‌ಟಾಪಿನಲ್ಲೂ ಇದೇ ಕತೆ. ಸಾಫ್ಟ್‌ವೇರ್ ತಂದರೆ ಇದೆಲ್ಲ ಸರಿಹೋಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಸಾಫ್ಟ್‌ವೇರ್ ನನ್ನನ್ನು ಗೆದ್ದದ್ದು ಬೇರೆ ಕಡೆ. ನಮ್ಮ ಹಾರ್ಮೋನಿಯಂ ಅಜ್ಜನ ಕಾಲದ್ದು. ಶ್ರುತಿ ತುಸು ಏರು, ಒಂದು ಸೆಮಿಟೋನಿನ (ಅಕ್ಕಪಕ್ಕದ ಎರಡು ಸ್ವರಗಳ ಅಂತರದ) ನೂರರಲ್ಲಿ ಹದಿನೈದು ಪಾಲಿನಷ್ಟು. ಪಿಟೀಲಿನ ತಂತಿ ಬಿಗಿದು ಹೊಂದಿಸಿಕೊಳ್ಳಬಹುದು, ಕೊಳಲಿನವನು ಏನು ಮಾಡಬೇಕು? ಪಕ್ಕದ ಮನೆ ಹುಡುಗ ಎಷ್ಟು ಊದಿದರೂ ಕೂಡಲಿಲ್ಲ. ಡಬ್ಬದಲ್ಲಿ ಶ್ರುತಿ ಇಳಿಸಿದರೆ ಲಯವೂ ನಿಧಾನ. ರೀಪರಿನಲ್ಲಿ ಹಾರ್ಮೋನಿಯಂ ಟ್ರ್ಯಾಕಿನ ಮೇಲೆ ಎರಡು ಸಲ ಕ್ಲಿಕ್ ಮಾಡಿ ಶ್ರುತಿಯ ಮನೆಯಲ್ಲಿ -0.15 ಎಂದು ಬರೆದೆ, ಲಯ ಇದ್ದಲ್ಲೇ ಇತ್ತು. ಕೊಳಲು ಕೂಡಿಕೊಂಡಿತು. ಸಂಜೆ ಪೂರ್ತಿ ಅದನ್ನೇ ಕೇಳಿದೆ.

ರೀಪರ್ ಬೆಲೆಯೂ ನಮ್ಮಂಥವರಿಗೆ ಸಹ್ಯ. 60 ದಿನ ಪುಕ್ಕಟೆ ನೋಡಬಹುದು, ಮನೆ ಬಳಕೆಯ ಲೈಸೆನ್ಸ್ 60 ಡಾಲರ್. ನಮ್ಮ ಲೆಕ್ಕದಲ್ಲಿ ಐದು ಸಾವಿರದ ಮೇಲೆ. ಆದರೆ ಮೊದಲ ತಿಂಗಳು ಹಾಡಿದ್ದಕ್ಕಿಂತ ಮೆನು ಹುಡುಕಿದ್ದೇ ಹೆಚ್ಚು.

ಮತ್ತೊಂದು ಕಾಟ ಲೇಟೆನ್ಸಿ. ಮಗಳು ಹೆಡ್‌ಫೋನ್ ಹಾಕಿಕೊಂಡು ಕಮಾನು ಎಳೆದರೆ ಅವಳ ಪಿಟೀಲು ಅವಳಿಗೇ ತಡವಾಗಿ ಕೇಳುತ್ತಿತ್ತು. "ಅಪ್ಪಾ, ನಾನಲ್ಲ ತಪ್ಪು ಮಾಡ್ತಿರೋದು" ಎಂದು ಅಳುವುದೊಂದು ಬಾಕಿ. ಬಫರ್, ಅಂದರೆ ಲ್ಯಾಪ್‌ಟಾಪ್ ಒಂದು ಸಲಕ್ಕೆ ಕೂಡಿಟ್ಟುಕೊಳ್ಳುವ ದನಿಯ ತುಣುಕು, 1024 ಸ್ಯಾಂಪಲ್ ಇತ್ತು. 44.1 ಕಿಲೋಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ 44,100 ಸ್ಯಾಂಪಲ್ ಲೆಕ್ಕದಲ್ಲಿ, ಅದು 23 ಮಿಲಿಸೆಕೆಂಡ್, ದನಿ ಸುಮಾರು ಎಂಟು ಮೀಟರ್ ನಡೆದು ಬರುವಷ್ಟು ಹೊತ್ತು. ಅಂಗಳದ ಆ ತುದಿಯಲ್ಲಿ ನಿಂತವರ ಜೊತೆ ತಾಳ ಹಾಕಿದಂತೆ. ಹೋಗುತ್ತ ಬರುತ್ತ ಸೇರಿ ಅದಕ್ಕಿಂತಲೂ ಹೆಚ್ಚು. 128ಕ್ಕೆ ಇಳಿಸಿದರೆ ಲೆಕ್ಕದಲ್ಲಿ 3 ಮಿಲಿಸೆಕೆಂಡ್, ಆದರೆ ಹಳೇ ಲ್ಯಾಪ್‌ಟಾಪ್ ಚಟಪಟ ಎನ್ನತೊಡಗಿತು. ಕೊನೆಗೆ ಇಂಟರ್‌ಫೇಸಿನ ಡೈರೆಕ್ಟ್ ಮಾನಿಟರ್ ಸ್ವಿಚ್ ಹಾಕಿದೆ: ದನಿ ಕಂಪ್ಯೂಟರಿಗೆ ಹೋಗಿ ಬರುವ ಬದಲು ನೇರ ಕಿವಿಗೆ. ಆ ಸ್ವಿಚ್ ಇಲ್ಲದ ಇಂಟರ್‌ಫೇಸ್ ಕೊಳ್ಳಬೇಡಿ. ಡಬ್ಬದಲ್ಲಿ ಈ ಆರು ವರ್ಷ ಲೇಟೆನ್ಸಿ ಎಂಬ ಶಬ್ದವೇ ನೆನಪಾಗಲಿಲ್ಲ.

ಡಬ್ಬದಲ್ಲಿ ಮಿಕ್ಸ್ ಮಾಡುವುದು ಮಾತ್ರ ಶಿಕ್ಷೆ. ಬೆಂಕಿಪೆಟ್ಟಿಗೆಯಷ್ಟು ಪರದೆ, ಒಂದು ಕೆಮ್ಮು ಅಳಿಸಲು ಹತ್ತು ನಿಮಿಷ. ನಾನೀಗ ಅದರಲ್ಲಿ ಮಿಕ್ಸ್ ಮಾಡುವುದೇ ಇಲ್ಲ. ಕಾರ್ಡ್ ತೆಗೆದು ಟ್ರ್ಯಾಕುಗಳನ್ನು ಲ್ಯಾಪ್‌ಟಾಪಿಗೆ ಹಾಕುತ್ತೇನೆ. 16 ಬಿಟ್‌ನಲ್ಲಿ ಒಂದು ಟ್ರ್ಯಾಕಿಗೆ ನಿಮಿಷಕ್ಕೆ ಸುಮಾರು 5 ಎಂಬಿ, ಐದು ನಿಮಿಷದ ಹಾಡಿನ ಎಂಟು ಟ್ರ್ಯಾಕ್ ಸೇರಿ 200 ಎಂಬಿಯ ಆಸುಪಾಸು. ಚಹಾ ಕುಡಿಯುವುದರೊಳಗೆ ಕಾಪಿ ಆಗಿರುತ್ತದೆ.

ಒಂದನ್ನೇ ಕೊಳ್ಳಬೇಕು, ಹಾಡುವವರು ನೀವೊಬ್ಬರೇ, ಲ್ಯಾಪ್‌ಟಾಪ್ ಮನೆಯಲ್ಲಿದೆ ಎಂದಾದರೆ ಇಂಟರ್‌ಫೇಸ್ ಮತ್ತು ಆ 48 ವೋಲ್ಟ್ ಬೇಡದ ಒಂದು ಡೈನಾಮಿಕ್ ಮೈಕ್ ಸಾಕು. ಹೆಂಚಿನ ಮೇಲಿನ ಮಳೆ ಸದ್ದು ಕಂಡೆನ್ಸರಿಗಿಂತ ಅದರಲ್ಲಿ ಕಡಿಮೆ ಬೀಳುತ್ತದೆ. ಮನೆಯ ಹಿರಿಯರ ಹಾಡು ಹಿಡಿಯುವುದಿದ್ದರೆ ಸೆಕೆಂಡ್‌ಹ್ಯಾಂಡ್ ಆದರೂ ಸರಿ, ಡಬ್ಬ ತನ್ನಿ. ನನ್ನದರ ಕಾರ್ಡಿನ ಮುಚ್ಚಳ ಮುರಿದು ವರ್ಷವಾಯಿತು, ರಬ್ಬರ್ ಬ್ಯಾಂಡ್ ಸುತ್ತಿಟ್ಟಿದ್ದೇನೆ. ಆಯಿಯದ್ದು ಇನ್ನೂ ಮೂವತ್ತು ಹಾಡಾದರೂ ಬಾಕಿ ಇವೆ.